ಮದುವೆ ಮುರಿದ ಮೇಲೆ ಹಾಡಿದ್ದೇ ಯಾಕೆ ಚೆಂದ? ಜಾರ್ಜ್ ಜೋನ್ಸ್, ಟ್ಯಾಮಿ ವೈನೆಟ್ ಜೋಡಿ ಹಾಡುಗಳ ಬಗ್ಗೆ

ಹಳೇರೇಡಿಯೋ:
ಇಲ್ಲಿ ಅಮೆರಿಕದ ಕಂಟ್ರಿ ಹಾಡು, ಅಂದ್ರೆ ಅಲ್ಲಿನ ಹಳ್ಳಿಗಾಡಿನ ಧಾಟಿಯ ಹಾಡು, ಕೇಳೋರು ಯಾರಾದ್ರೂ ಇದ್ದೀರಾ? ಇದ್ರೆ ಸ್ವಲ್ಪ ಬನ್ನಿ, ನಮ್ಮ ಮನೇಲಿ ಇದರ ಮೇಲೆ ಜಗಳ ನಡೀತಾ ಇದೆ.

ಜಾರ್ಜ್ ಜೋನ್ಸ್, ಟ್ಯಾಮಿ ವೈನೆಟ್. ಇಬ್ಬರೂ ಗಂಡ ಹೆಂಡತಿ, ಇಬ್ಬರೂ ದೊಡ್ಡ ಹಾಡುಗಾರರು. 1969ರಲ್ಲಿ ಮದುವೆ, 1975ರಲ್ಲಿ ವಿಚ್ಛೇದನ. ಅವನಿಗೆ ವಿಪರೀತ ಕುಡಿತ. 1973ರಲ್ಲಿ ಅವಳು ಒಮ್ಮೆ ವಿಚ್ಛೇದನದ ಅರ್ಜಿ ಹಾಕಿ ವಾಪಸ್ ತಗೊಂಡಳು. ಅದೇ ವರ್ಷ ಇಬ್ಬರೂ ಸೇರಿ 'ವಿ ಆರ್ ಗೋನಾ ಹೋಲ್ಡ್ ಆನ್' ಹಾಡಿದ್ರು. ಏನೇ ಬರಲಿ ಕೈ ಬಿಡಲ್ಲ ಅನ್ನೋ ಹಾಡು. ಕಂಟ್ರಿ ಹಾಡುಗಳ ಜನಪ್ರಿಯತೆ ಪಟ್ಟಿಯಲ್ಲಿ ನಂಬರ್ ಒನ್ ಆಯ್ತು. ಎರಡು ವರ್ಷಕ್ಕೆ ಕೈ ಬಿಟ್ಟೂ ಆಯ್ತು.

ಆಮೇಲೆ ನೋಡಿ. 1976ರಲ್ಲಿ, ಬೇರೆ ಆದ ಮೇಲೆ, 'ಗೋಲ್ಡನ್ ರಿಂಗ್'. ಷಿಕಾಗೋದ ಗಿರವಿ ಅಂಗಡಿಯಲ್ಲಿ ಒಂದು ಬಡ ಜೋಡಿ ಉಂಗುರ ನೋಡುತ್ತೆ. ಸಣ್ಣ ಚರ್ಚಲ್ಲಿ ಮದುವೆ. ಎರಡು ಕೋಣೆ ಬಾಡಿಗೆ ಮನೇಲಿ ಜಗಳ. ಉಂಗುರ ವಾಪಸ್ ಗಿರವಿ ಅಂಗಡಿಗೆ. ಅಷ್ಟೇ ಕತೆ. ಅದೂ ನಂಬರ್ ಒನ್.

ನನ್ನ ಕಿವಿಗೆ ಮೊದಲನೇದಕ್ಕಿಂತ ಎರಡನೇದರಲ್ಲೇ ಪ್ರೀತಿ ಜಾಸ್ತಿ ಕೇಳಿಸುತ್ತೆ. ಒಬ್ಬರಿಂದ ಒಬ್ಬರು ಹಾಳಾಗಿ, ಆದ್ರೂ ಒಬ್ಬರಿಲ್ಲದೆ ಒಬ್ಬರು ನಿಲ್ಲಕ್ಕಾಗದ ಥರ. ಇವರನ್ನ ಉಳಿಸಿದ್ದೂ ಅದೇ, ಕೊಂದಿದ್ದೂ ಅದೇ ಪ್ರೀತಿ ಅಂತೀನಿ ನಾನು. ನನ್ನ ಹೆಂಡತಿ ಹೇಳೋದು, "ಕುಡುಕನ ಸಂಸಾರಕ್ಕೆ ಗಿಟಾರ್ ಕಟ್ಟಿದ್ರೆ ನೀವು ಗಂಡಸರು ಕಣ್ಣೀರು ಹಾಕ್ತೀರ" ಅಂತ. ಯಾರು ಸರಿ?

ಕುಂದಾಪುರಕಡೆ:
ನಿಮ್ಮ ಹೆಂಡ್ತಿ ಸರಿ ಮಾರಾಯ್ರೆ. ಚರ್ಚೆ ಮುಗೀತು, ಬಾಗಿಲು ಹಾಕಿ.

ಟೆಕ್ಸಾಸ್‌ಗೌಡ:
ಕಂಟ್ರಿ ಬಗ್ಗೆ ಕನ್ನಡದಲ್ಲಿ ಮಾತಾಡೋರು ಸಿಕ್ಕಿದ್ರಲ್ಲ ಗುರು! ಜೋನ್ಸ್ ನಮ್ಮ ಪೂರ್ವ ಟೆಕ್ಸಾಸಿನೋನು. 1931ರಲ್ಲಿ ಸಾರಟೋಗಾ ಅನ್ನೋ ಪುಟ್ಟ ಊರಲ್ಲಿ ಹುಟ್ಟಿದ್ದು. ಹೆಂಡದಂಗಡಿಗೆ ಹುಲ್ಲು ಕತ್ತರಿಸೋ ಯಂತ್ರದ ಮೇಲೆ ಕೂತು ಹೋದ ಮಹಾನುಭಾವ ಇವನೇ. ಟ್ಯಾಮಿ ಕಾರಿನ ಕೀ ಎಲ್ಲಾ ಬಚ್ಚಿಟ್ಟಿದ್ಳು, ಇವನು ಬಿಡ್ತಾನಾ.

ಸಾಲುಮರ:
ಅದು ಟ್ಯಾಮಿ ಕಾಲದ್ದಲ್ಲ. ಜೋನ್ಸ್ ತನ್ನ ಆತ್ಮಕತೆಯಲ್ಲಿ ಹೇಳಿರೋ ಪ್ರಕಾರ ಅದು ಎರಡನೇ ಹೆಂಡತಿ ಶರ್ಲಿ ಜೊತೆ ಟೆಕ್ಸಾಸಿನ ಬೋಮಾಂಟ್ ಊರಿನ ಹತ್ರ ಇದ್ದಾಗ. ಅಂಗಡಿ 8 ಮೈಲಿ ದೂರ, ಯಂತ್ರದ ವೇಗ ಗಂಟೆಗೆ 5 ಮೈಲಿ.

ಟೆಕ್ಸಾಸ್‌ಗೌಡ:
ಟ್ಯಾಮಿ ಪುಸ್ತಕದಲ್ಲೂ ಇದೆ ಸ್ವಾಮಿ. ರಾತ್ರಿ ಒಂದು ಗಂಟೆಗೆ ಎದ್ದು ನೋಡ್ತಾಳೆ, ಗಂಡ ಇಲ್ಲ. ಕಾರು ತಗೊಂಡು ಹುಡುಕಿದ್ರೆ 10 ಮೈಲಿ ಆಚೆ ಬಾರ್ ಮುಂದೆ ಯಂತ್ರ ನಿಂತಿದೆ.

ಸಾಲುಮರ:
ಹಾಗಾದ್ರೆ ಎರಡು ಹೆಂಡತಿ, ಎರಡು ಸಲ. ಹುಲ್ಲು ಮಾತ್ರ ಯಾವತ್ತೂ ಕತ್ತರಿಸಿರಲ್ಲ.

ಮಂದ್ರಸ್ಥಾಯಿ:
ಹಳೇರೇಡಿಯೋ ಅವರ ಪ್ರಶ್ನೆಗೆ ಸಂಗೀತದ ಕಡೆಯಿಂದ ನೋಡೋಣ. ನಾನು ಪಾಠ ಹೇಳಿಕೊಡೋನು, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಮ್ಮ ಸಿನಿಮಾ ಯುಗಳ ಗೀತೆಯಲ್ಲಿ ಸಾಮಾನ್ಯವಾಗಿ ಅವನು ಒಂದು ಸಾಲು, ಅವಳು ಒಂದು ಸಾಲು, ಪಲ್ಲವಿಗೆ ಇಬ್ಬರೂ ಒಂದೇ ಸ್ವರ. ಕಂಟ್ರಿ ಜೋಡಿ ಹಾಡಲ್ಲಿ ಪಲ್ಲವಿ ಬಂದಾಗ ಇಬ್ಬರೂ ಬೇರೆ ಬೇರೆ ಸ್ವರ ಹಿಡೀತಾರೆ. ಅವನು ಷಡ್ಜದಲ್ಲಿದ್ರೆ ಅವಳು ಗಾಂಧಾರದಲ್ಲಿ ಅಂತಿಟ್ಟುಕೊಳ್ಳಿ. ಹಾಡು ಮುಗಿಯೋವರೆಗೂ ಆ ಅಂತರ ಕಾಪಾಡ್ತಾ ಹೋಗಬೇಕು. ಒಬ್ಬರ ದನಿ ತೆಗೆದು ಕೇಳಿದ್ರೆ ಇನ್ನೊಬ್ಬರದ್ದು ಅರ್ಧಂಬರ್ಧ ಅನ್ನಿಸುತ್ತೆ.

ಇದರ ಮೇಲೆ ಜೋನ್ಸ್ ಹಾಡೋ ರೀತಿ. ಅವನು ಸ್ವರದ ಮೇಲೆ ನೇರ ನಿಲ್ಲೋದೇ ಇಲ್ಲ. ಕೆಳಗಿಂದ ಜಾರಿ ಬರ್ತಾನೆ, ಮುಟ್ಟಿ ಮತ್ತೆ ಜಾರ್ತಾನೆ. ಹಲ್ಲು ಕಚ್ಚಿಕೊಂಡು ಹಾಡ್ತಾನೆ, ಬಾಯಿ ಜಾಸ್ತಿ ತೆರೆಯಲ್ಲ. ಎಲ್ಲಿ ಎಳೀತಾನೆ, ಎಲ್ಲಿ ಬಿಡ್ತಾನೆ ಅಂತ ಮೊದಲೇ ಹೇಳಕ್ಕಾಗಲ್ಲ. ಅಂಥವನ ಪಕ್ಕ ಗಾಂಧಾರ ಹಿಡಿದು ನಿಲ್ಲೋದು ಅಂದ್ರೆ ಅವನ ಉಸಿರನ್ನೇ ಗಮನಿಸ್ತಾ ಇರಬೇಕು. ಟ್ಯಾಮಿಗೆ ಅದು ಅಭ್ಯಾಸ ಆಗಿತ್ತು. ಸಂಸಾರದಲ್ಲಿ ಇವತ್ತು ಯಾವ ಸ್ಥಿತೀಲಿ ಬರ್ತಾನೋ ಅಂತ ಕಾಯ್ತಿದ್ದ ಹೆಂಗಸು, ಹಾಡಲ್ಲೂ ಅದನ್ನೇ ಮಾಡ್ತಾಳೆ. ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿದ ತಕ್ಷಣ ಆ ಕಿವಿ ಎಲ್ಲಿ ಹೋಗುತ್ತೆ? ನಿಮಗೆ 'ಗೋಲ್ಡನ್ ರಿಂಗ್'ನಲ್ಲಿ ಕೇಳಿಸ್ತಿರೋದು ಅದು ಅಂತ ನನ್ನ ಅನಿಸಿಕೆ.

ಹಳೇರೇಡಿಯೋ:
ಆಹಾ. ಇದನ್ನ ಹೆಂಡತಿಗೆ ಓದಿ ಹೇಳಿದೆ. "ಅದನ್ನೇ ನಾನು ಹೇಳಿದ್ದು, ಅವಳು ಕಾಯ್ತಾನೇ ಇರಬೇಕು" ಅಂದ್ಳು.

ನೀಲಿಸೀರೆ:
ನಿಮ್ಮ ಮನೆಯವರನ್ನ ಇಲ್ಲಿಗೆ ಸೇರಿಸಿ, ನಮಗೆ ಅವರೇ ಬೇಕು.

ಅಲ್ಲ, ತಮಾಷೆ ಸಾಕು. ಈ "ಉಳಿಸಿದ್ದೂ ಅದೇ, ಕೊಂದಿದ್ದೂ ಅದೇ ಪ್ರೀತಿ" ಅನ್ನೋ ಮಾತು ಕೇಳಿದ್ರೆ ನನಗೆ ಮೈ ಉರಿಯುತ್ತೆ. ನಮ್ಮ ಕುಟುಂಬದಲ್ಲಿ ಒಬ್ಬರು ದೊಡ್ಡಪ್ಪ ಇದ್ರು. ಕುಡಿದಾಗ ಅವರಷ್ಟು ಚೆನ್ನಾಗಿ ಹಾಡೋರು ಊರಲ್ಲೇ ಇರಲಿಲ್ಲ. ಬಂದವರೆಲ್ಲ ಆ ಹಾಡಿಗೆ ಮರುಳು. ದೊಡ್ಡಮ್ಮ ಒಳಗೆ ಪಾತ್ರೆ ತೊಳೀತಾ ಇರೋರು, ಒಂದು ದಿನವೂ ಹೊರಗೆ ಬಂದು ಕೂತು ಕೇಳಿದ್ದು ನಾನು ನೋಡಿಲ್ಲ. ಹಾಡು ಮುಗಿದ ಮೇಲೆ ಏನಾಗುತ್ತೆ ಅಂತ ಅವರಿಗೆ ಗೊತ್ತಿತ್ತು.

ಟ್ಯಾಮಿ ಕತೆ ಓದಿದ್ದೀನಿ. ಮಿಸಿಸಿಪ್ಪಿಯ ಹೊಲದಲ್ಲಿ ಹತ್ತಿ ಬಿಡಿಸಿ ಬೆಳೆದೋಳು. ಅವಳು ಹಸುಗೂಸಾಗಿದ್ದಾಗಲೇ ಅಪ್ಪ ತೀರಿಹೋದ. ತಲೆಕೂದಲು ಬಾಚೋ ಕೆಲಸ ಕಲಿತು, ಮೂರು ಹೆಣ್ಣುಮಕ್ಕಳನ್ನ ಕಟ್ಟಿಕೊಂಡು 1966ರಲ್ಲಿ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ಗೆ ಬಂದ್ಳು. ದೊಡ್ಡ ತಾರೆ ಆದ ಮೇಲೂ ಆ ಬ್ಯೂಟಿ ಪಾರ್ಲರ್ ಲೈಸೆನ್ಸ್ ನವೀಕರಣ ಮಾಡಿಸ್ತಾನೇ ಇದ್ಳಂತೆ. ಆ ಲೈಸೆನ್ಸ್ ಅವಳನ್ನ ಉಳಿಸ್ತಿತ್ತು ಅಂದ್ರೆ ಒಪ್ತೀನಿ.

ಕೋಲಾರದಚಿನ್ನ:
+1. ಲೈಸೆನ್ಸ್ ಮಾತು ಸೂಪರ್.

ಧಾರವಾಡದಮಳಿ:
ನೀಲಿಸೀರೆ ಅಕ್ಕಾರ, ನಿಮ್ಮ ಮಾತು ಖರೇ ಐತ್ರಿ. ಆದ್ರ ಜೋನ್ಸನ ಕಡೆಯಿಂದನೂ ಒಂದ್ ಸ್ವಲ್ಪ ನೋಡ್ರಿ. ಅವನ ಅಪ್ಪ ಕುಡದ ಬಂದು ನಡುರಾತ್ರ್ಯಾಗ ಹುಡುಗನ್ನ ಎಬ್ಬಿಸಿ ಹಾಡು ಅಂತಿದ್ನಂತ. ಹಾಡಲಿಲ್ಲಂದ್ರ ಹೊಡತ. ಅಂದ್ರ ಈ ಮನಶ್ಯಾಗ ಹಾಡೋದು, ಹೆದರೋದು, ಅಪ್ಪನ ಪ್ರೀತಿ ಗಳಸೋದು ಮೂರೂ ಸಣ್ಣಾಂವ ಇದ್ದಾಗಿಂದನ ಒಂದಾಗಿ ಕುಂತಾವು. ಮುಂದ ಬೋಮಾಂಟ್ ಊರಿನ ಬೀದ್ಯಾಗ ಗಿಟಾರ್ ಹಿಡಕೊಂಡು ಹಾಡಿ ಚಿಲ್ಲರೆ ಗಳಸ್ಯಾನ. ಮಾಫಿ ಕೊಡ್ರಿ ಅನ್ನಂಗಿಲ್ಲ ನಾ, ತಿಳಕೊಳ್ರಿ ಅಂತೀನಿ.

ನೀಲಿಸೀರೆ:
ತಿಳಕೊಳ್ಳೋಕೆ ನಾನು ರೆಡಿ ಅಣ್ಣ. ಆದ್ರೆ ತಿಳಕೊಳ್ಳೋ ಕೆಲಸ ಯಾವಾಗಲೂ ಹೆಂಗಸರ ಪಾಲಿಗೇ ಬರುತ್ತಲ್ಲ, ಅದು ನನ್ನ ತಕರಾರು.

ಕುಂದಾಪುರಕಡೆ:
ಟ್ಯಾಮಿಗೇ ಅದು ಒಪ್ಪಿಗೆ ಇತ್ತಲ್ಲ? ಗಂಡನ ಪಕ್ಕ ನಿಲ್ಲು ಅಂತ ಜಗತ್ತಿಗೆಲ್ಲ ಹಾಡಿ ಹೇಳಿದ್ದು ಅವಳೇ. 1968ರ 'ಸ್ಟ್ಯಾಂಡ್ ಬೈ ಯುವರ್ ಮ್ಯಾನ್'.

ಸಾಲುಮರ:
ಹೌದು, ಮತ್ತೆ ಸ್ವಂತಕ್ಕೆ ಐದು ಮದುವೆ ಆದ್ಳು. ಅದರಲ್ಲಿ ಜೋನ್ಸ್ ಮೂರನೆಯವನು. 1976ರಲ್ಲಿ ಆದ ನಾಲ್ಕನೇದು ಎರಡು ತಿಂಗಳೂ ಬಾಳಲಿಲ್ಲ.

1992ರಲ್ಲಿ ಹಿಲರಿ ಕ್ಲಿಂಟನ್ ಟೀವಿ ಸಂದರ್ಶನದಲ್ಲಿ, ನಾನೇನು ಟ್ಯಾಮಿ ವೈನೆಟ್ ಥರ ಗಂಡನ ಪಕ್ಕ ನಿಂತಿರೋ ಹೆಂಗಸಲ್ಲ ಅನ್ನೋ ಅರ್ಥದಲ್ಲಿ ಮಾತಾಡಿ ಸಿಕ್ಕಿಹಾಕಿಕೊಂಡ್ರು. ಟ್ಯಾಮಿ ಕೆಂಡಾಮಂಡಲ. ಕೊನೆಗೆ ಹಿಲರಿ ಕ್ಷಮೆ ಕೇಳಬೇಕಾಯ್ತು. ಹಾಸ್ಯ ಅಂದ್ರೆ, ಆ ಇಬ್ಬರಲ್ಲಿ ಗಂಡನ ಪಕ್ಕ ಕೊನೇವರೆಗೂ ನಿಂತೋರು ಹಿಲರಿ.

ಟೆಕ್ಸಾಸ್‌ಗೌಡ:
😂😂 ರಾಜಕೀಯ ಬೇಡ ಅಂತ ನಿರ್ವಾಹಕರು ಈಗ ಓಡಿ ಬರ್ತಾರೆ ನೋಡಿ.

ನಿರ್ವಾಹಕ:
ಬಂದೆ. ರಾಜಕೀಯ ಬೇಡ. ಹುಲ್ಲಿನ ಯಂತ್ರ ಬೇಕಾದ್ರೆ ಮುಂದುವರಿಸಿ.

ಕೋಲಾರದಚಿನ್ನ:
ನನ್ನದು ಬೇರೆ ಅನುಮಾನ. ಇದರಲ್ಲಿ ಪ್ರೀತಿ ಎಷ್ಟು, ವ್ಯಾಪಾರ ಎಷ್ಟು?

ಎಪಿಕ್ ರೆಕಾರ್ಡ್ಸ್‌ನ ಬಿಲ್ಲಿ ಶೆರಿಲ್ ಅಂತ ನಿರ್ಮಾಪಕ. ಟ್ಯಾಮಿಯನ್ನ ಕಂಡುಹಿಡಿದೋನು, ಆ ಹೆಸರು ಇಟ್ಟೋನು, ಆಮೇಲೆ ಜೋನ್ಸನ್ನೂ ಅದೇ ಕಂಪನಿಗೆ ಕರ್ಕೊಂಡು ಬಂದೋನು. ಜನ ಪತ್ರಿಕೆಯಲ್ಲಿ ಜಗಳ ಓದಬೇಕು, ರೇಡಿಯೋದಲ್ಲಿ ಜಗಳ ಕೇಳಬೇಕು, ವಾರಾಂತ್ಯ ಟಿಕೆಟ್ ತಗೊಂಡು ಕಣ್ಣಾರೆ ನೋಡಬೇಕು. 1972ರಲ್ಲಿ 'ದಿ ಸೆರಮನಿ' ಅಂತ ಮದುವೆಯ ಪ್ರಮಾಣವಚನಾನೇ ಹಾಡು ಮಾಡಿ ಮಾರಿದ್ರು. ಬೇರೆ ಆದ ಮೇಲೂ ಜೋಡಿ ಹಾಡು ನಿಲ್ಲಲಿಲ್ಲ, ಯಾಕಂದ್ರೆ ಅದು ಓಡ್ತಿತ್ತು. 'ಗೋಲ್ಡನ್ ರಿಂಗ್' ಆದ ಮೇಲೆ 'ನಿಯರ್ ಯೂ' ಕೂಡ ನಂಬರ್ ಒನ್. ಒಬ್ಬರಿಲ್ಲದೆ ಒಬ್ಬರು ನಿಲ್ಲಕ್ಕಾಗಲ್ಲ ಅಂತೀರಲ್ಲ, ಲೆಕ್ಕದ ಪುಸ್ತಕ ನೋಡಿದ್ರೂ ಅದೇ ಕಾಣುತ್ತೆ.

ಮಂದ್ರಸ್ಥಾಯಿ:
ವ್ಯಾಪಾರ ಇತ್ತು, ಯಾರು ಇಲ್ಲ ಅಂದ್ರು? ಆದ್ರೆ ಶೆರಿಲ್ ಬೇರೆ ಎಷ್ಟೋ ಜನರ ಹಾಡು ಮಾಡಿದ್ದಾನೆ. ಇವರಿಬ್ಬರ ದನಿ ಸೇರಿದಾಗ ಆಗಿದ್ದು ಅವನ ಎಲ್ಲಾ ಗ್ರಾಮಫೋನ್ ತಟ್ಟೆಯಲ್ಲೂ ಆಗಲಿಲ್ಲವಲ್ಲ.

ಸಾಲುಮರ:
ಇನ್ನೊಂದು ಸ್ವಾರಸ್ಯ. ಇವರ ಸಂಸಾರದ ಕತೆ ಬರೆದ ಹಾಗೆ ಹಾಡು ಬರೆದದ್ದು ಬಾಬಿ ಬ್ರ್ಯಾಡಕ್ ಅನ್ನೋ ಆಸಾಮಿ. 1968ರಲ್ಲಿ ಟ್ಯಾಮಿ ಹಾಡಿದ ವಿಚ್ಛೇದನದ ಹಾಡು, ಮಗುವಿಗೆ ತಿಳೀಬಾರದು ಅಂತ ಅಕ್ಷರ ಬಿಡಿಸಿ ಬಿಡಿಸಿ ಹೇಳೋದು, ಅದು ಕರ್ಲಿ ಪುಟ್ಮನ್ ಜೊತೆ ಸೇರಿ ಅವನು ಬರೆದದ್ದು. ಆಗಿನ್ನೂ ಇವರ ಮದುವೆಯೇ ಆಗಿರಲಿಲ್ಲ. 'ಗೋಲ್ಡನ್ ರಿಂಗ್' ಅವನು ರೇಫ್ ವ್ಯಾನ್ ಹೋಯ್ ಜೊತೆ ಬರೆದದ್ದು. ಒಂದು ಕೈಬಂದೂಕು ಯಾರ್ಯಾರ ಕೈಗೆ ಹೋಗುತ್ತೆ ಅಂತ ತೋರಿಸೋ ಟೀವಿ ಕಾರ್ಯಕ್ರಮ ನೋಡಿ, ಬಂದೂಕಿನ ಜಾಗದಲ್ಲಿ ಉಂಗುರ ಇಟ್ಟ.

ಟೆಕ್ಸಾಸ್‌ಗೌಡ:
ಏನು? ಬಂದೂಕಾ? ಇದು ನನಗೆ ಗೊತ್ತಿರಲಿಲ್ಲ. ಇನ್ನು ಆ ಹಾಡು ಮೊದಲಿನ ಥರ ಕೇಳಕ್ಕಾಗಲ್ಲ ನನಗೆ.

ಹಳೇರೇಡಿಯೋ:
1980ರ 'ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ' ಕೂಡ ಬ್ರ್ಯಾಡಕ್‌ದೇ ಅಲ್ವಾ? ಸಾಯೋವರೆಗೂ ಒಬ್ಬಳನ್ನೇ ಪ್ರೀತಿಸಿದವನ ಹಾಡು. ಅದನ್ನ ಜೋನ್ಸ್ ಟ್ಯಾಮಿಗೋಸ್ಕರ ಹಾಡಿದ್ದು ಅಂತಾರೆ.

ಸಾಲುಮರ:
ಬ್ರ್ಯಾಡಕ್ ಮತ್ತು ಪುಟ್ಮನ್. ಟ್ಯಾಮಿಗೋಸ್ಕರ ಅನ್ನೋದು ಅಭಿಮಾನಿಗಳು ಕಟ್ಟಿದ್ದು. ಜೋನ್ಸ್‌ಗೆ ಆ ಹಾಡು ಹಿಡಿಸಿರಲೇ ಇಲ್ಲ. ಇಷ್ಟು ಸಾವಿನ ವಾಸನೆ ಇರೋದನ್ನ ಯಾರು ಕೊಳ್ತಾರೆ ಅಂತ ಗೊಣಗಿದ್ದ. ಆಗ ಅವನ ಸ್ಥಿತಿ ಹೇಗಿತ್ತು ಅಂದ್ರೆ ನಡುವೆ ಬರೋ ಮಾತಿನ ಭಾಗವನ್ನೂ ನೆಟ್ಟಗೆ ಹೇಳಕ್ಕಾಗ್ತಿರಲಿಲ್ಲ, ರಾಗ ಬೇರೆ ಹಾಡಿನ ಕಡೆ ಜಾರಿ ಹೋಗ್ತಿತ್ತು. ರೆಕಾರ್ಡಿಂಗ್ ಎಳೆದೂ ಎಳೆದೂ ಮುಗಿಸಿದ್ರು. ಅದರ ಹಿಂದಿನ ವರ್ಷ 1979ರಲ್ಲಿ 54 ಕಾರ್ಯಕ್ರಮಕ್ಕೆ ಕೈ ಕೊಟ್ಟಿದ್ದ. 'ನೋ ಶೋ ಜೋನ್ಸ್' ಅಂತ ಅಡ್ಡಹೆಸರು ಸುಮ್ಮನೆ ಬಂತಾ.

ನೀಲಿಸೀರೆ:
54 ಕಡೆ ಟಿಕೆಟ್ ತಗೊಂಡು ಕೂತ ಜನ ಶಾಪ ಹಾಕಿ ಮನೆಗೆ ಹೋದ್ರು. ಹೆಂಡತಿಯಾದವಳಿಗೆ ವಾಪಸ್ ಹೋಗೋಕೆ ಮನೆ ಯಾವುದು?

ಧಾರವಾಡದಮಳಿ:
ಅಕ್ಕಾರ ಹೊಡದ್ರಲ್ರಿ ಸಿಕ್ಸರ್.

ನಮ್ಮ ಕಡೆ ಹರದೇಶಿ ನಾಗೇಶಿ ಅಂತ ಗೀಗೀ ಪದದಾಗ ಎರಡು ಪಂಗಡ ಇರ್ತಾವು, ಗೊತ್ತಿದ್ದವ್ರಿಗೆ ಗೊತ್ತು. ಹರದೇಶಿಯವ್ರು ಗಂಡ ಹೆಚ್ಚು ಅಂತ ಹಾಡ್ತಾರ, ನಾಗೇಶಿಯವ್ರು ಹೆಣ್ಣು ಹೆಚ್ಚು ಅಂತ. ದಪ್ಪು, ತುಂತುಣಿ, ತಾಳ. ಜಾತ್ರ್ಯಾಗ ರಾತ್ರಿ ಸುರು ಆದ್ರ ಬೆಳಕ ಹರಿಯೂತನ ಸವಾಲು ಜವಾಬು. ಈ ಕಂಟ್ರಿ ಮಂದಿ ಜೋಡಿ ಹಾಡ ಕೇಳಿದಾಗ ನನಗ ಅದ ನೆನಪಾತು. ಫರಕ ಏನಂದ್ರ, ನಮ್ಮವ್ರು ವಾದಾ ಗೆಲ್ಲಾಕ ಹಾಡ್ತಾರ. ಜೋನ್ಸ್ ಟ್ಯಾಮಿ ಹಾಡಿನ್ಯಾಗ ಇಬ್ಬರೂ ಸೋತಾರ, ಸೋತದ್ದನ್ನ ಕೂಡೇ ಹಾಡ್ತಾರ.

ಕುಂದಾಪುರಕಡೆ:
ನಮ್ಮಲ್ಲಿ ತಾಳಮದ್ದಳೆ ಉಂಟು, ಗಂಡ ಹೆಂಡತಿ ಪಾತ್ರ ಎರಡೂ ಗಂಡಸರೇ ಹೇಳುವುದು. ಜಗಳವೂ ಜೋರು, ಮುಗಿದ ಮೇಲೆ ಒಟ್ಟಿಗೆ ಚಾ ಕುಡಿಯುವುದು.

ಇದಕ್ಕೇ ನನ್ನ ಒಂದು ಪ್ರಶ್ನೆ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಒಟ್ಟಿಗೆ ಎಷ್ಟು ಪ್ರೇಮಗೀತೆ ಹಾಡಿಲ್ಲ. ಅವರು ಗಂಡ ಹೆಂಡತಿಯಾ? ತೆರೆಯ ಮೇಲೆ ಇನ್ಯಾರೋ, ಹಾಡುವುದು ಇನ್ಯಾರೋ. ಆದರೂ ನಮಗೆ ಕಣ್ಣಲ್ಲಿ ನೀರು ಬರ್ತದೆ. ಹಾಗಿದ್ದ ಮೇಲೆ ಹಾಡು ಚೆಂದ ಆಗ್ಲಿಕ್ಕೆ ಸಂಸಾರ ಹಾಳಾಗಬೇಕು ಎಂತದಕ್ಕೆ?

ಮಂದ್ರಸ್ಥಾಯಿ:
ಇದು ಒಳ್ಳೇ ಏಟು. ಒಪ್ತೀನಿ.

ಮಳೆಬಿದ್ದಊರು:
ಹೊಸಬಳು, ಮೊದಲ ಸಲ ಬರೀತಿದ್ದೀನಿ. ಕುಂದಾಪುರದವರ ಮಾತಿಗೆ ಕಂಟ್ರಿಯಲ್ಲೇ ಉದಾಹರಣೆ ಇದೆ. 'ದಿ ಸಿವಿಲ್ ವಾರ್ಸ್' ಅಂತ ಜೋಡಿ, ಜಾಯ್ ವಿಲಿಯಮ್ಸ್ ಮತ್ತು ಜಾನ್ ಪಾಲ್ ವೈಟ್. 2008ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹಾಡು ಬರೆಯೋರನ್ನೆಲ್ಲ ಒಟ್ಟು ಸೇರಿಸಿದ್ದ ಕಡೆ ಭೇಟಿಯಾದವರು. ಇಬ್ಬರಿಗೂ ಬೇರೆ ಬೇರೆ ಮದುವೆ ಆಗಿತ್ತು. ಅವರದ್ದೊಂದು ಹಾಡಿದೆ, ನಿನ್ನನ್ನ ಪ್ರೀತಿಸಲ್ಲ, ಆದ್ರೂ ಯಾವಾಗಲೂ ಪ್ರೀತಿಸ್ತೀನಿ ಅನ್ನೋ ಧಾಟಿಯದ್ದು. ವಿಷವೂ ಅದೇ, ದ್ರಾಕ್ಷಾರಸವೂ ಅದೇ. ಕೇಳಿದ ಯಾರಿಗಾದ್ರೂ ಇವರು ಹಳೇ ದಂಪತಿ ಅಂತಲೇ ಅನ್ನಿಸಬೇಕು.

ಅವರ ಮಧ್ಯೆ ಆಗಿದ್ದು ಪ್ರೇಮದ ಜಗಳ ಅಂತ ಯಾರೂ ಹೇಳಿಲ್ಲ. 2012ರ ನವೆಂಬರ್‌ನಲ್ಲಿ ಪ್ರವಾಸ ನಿಲ್ಲಿಸಿದ್ರು, ಗುರಿಗಳು ಹೊಂದಿಕೆ ಆಗ್ತಿಲ್ಲ ಅನ್ನೋ ಹಾಗೆ ಹೇಳಿಕೆ ಕೊಟ್ರು. 2013ರಲ್ಲಿ ಅವರ ಎರಡನೇ ಆಲ್ಬಂ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರ ಮೊದಲ ಸ್ಥಾನಕ್ಕೆ ಬಂತು. ಆಗ ಇಬ್ಬರೂ ಒಬ್ಬರಿಗೊಬ್ಬರು ಮಾತಾಡ್ತಿರಲಿಲ್ಲ! 2014ರಲ್ಲಿ ಅಧಿಕೃತವಾಗಿ ಮುಗೀತು.

ಕೋಲಾರದಚಿನ್ನ:
ಸ್ವಾಗತ ಮಳೆಬಿದ್ದಊರು. ಬಂದ ದಿನವೇ ಬಾಂಬ್ ಹಾಕಿದ್ರಿ.

ಹಳೇರೇಡಿಯೋ:
ಕೇಳಿದೆ ಈಗಷ್ಟೇ. ದನಿಗಳು ಅಂಟಿಕೊಂಡಿವೆ, ನಿಜ. ಆದ್ರೆ ನನಗೆ ಅದು ಬಹಳ ನಯ ಅನ್ನಿಸ್ತು, ಪಿಸುಮಾತು ಜಾಸ್ತಿ. ಜೋನ್ಸ್ ದನಿಯಲ್ಲಿ ಬಾಡಿಗೆ ಕಟ್ಟಿಲ್ಲದ ಮನೆ ಇರುತ್ತೆ.

ಮಳೆಬಿದ್ದಊರು:
ಅದು ರುಚಿಯ ಪ್ರಶ್ನೆ ಸರ್, ನಿಜ ಸುಳ್ಳಿನದ್ದಲ್ಲ.

ಟೆಕ್ಸಾಸ್‌ಗೌಡ:
ಎಲ್ಲರೂ ಮರೆತಿದ್ದೀರಾ? ಜಾನಿ ಕ್ಯಾಶ್, ಜೂನ್ ಕಾರ್ಟರ್! ಅವರೂ ಕಂಟ್ರಿ ಹಾಡೋ ಗಂಡ ಹೆಂಡತಿ. ಪ್ರೀತಿ ಉಳಿಸಿದ್ದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ. ಮಾತ್ರೆ ನುಂಗೋ ಚಟದಲ್ಲಿ ಸಾಯ್ತಿದ್ದೋನನ್ನ ಜೂನ್ ಮತ್ತು ಅವಳ ಮನೆಯವರು ಸೇರಿ ಎತ್ತಿದ್ರು. 1968ರ ಫೆಬ್ರುವರಿಯಲ್ಲಿ ಕೆನಡಾದ ಲಂಡನ್ ಊರಿನ ವೇದಿಕೆ ಮೇಲೇ, ಜನರೆದುರಿಗೇ, ಮದುವೆ ಆಗ್ತೀಯಾ ಅಂತ ಕೇಳಿದ. ಮುಂದಿನ ತಿಂಗಳೇ ಮದುವೆ. 2003ರ ಮೇ ತಿಂಗಳಲ್ಲಿ ಅವಳು ಹೋದ್ಳು, ಸೆಪ್ಟೆಂಬರ್‌ನಲ್ಲಿ ಇವನೂ ಹೋದ. ಇನ್ನೇನು ಬೇಕು ಗುರು.

ನೀಲಿಸೀರೆ:
ಗೌಡ್ರೇ, ವಿವಿಯನ್ ಹೆಸರು ಕೇಳಿದ್ದೀರಾ?

ಟೆಕ್ಸಾಸ್‌ಗೌಡ:
ಮೊದಲ ಹೆಂಡತಿ. ಹೂಂ.

ನೀಲಿಸೀರೆ:
ನಾಲ್ಕು ಹೆಣ್ಣುಮಕ್ಕಳ ತಾಯಿ. ಕ್ಯಾಶ್ ಊರೂರು ತಿರುಗ್ತಿದ್ದಾಗ ಮನೆ ನೋಡಿಕೊಂಡೋಳು. ಅವನು ಜೂನ್ ಜೊತೆ 'ಜ್ಯಾಕ್ಸನ್' ಹಾಡಿ ಹೆಸರು ಮಾಡಿದ್ದು 1967ರಲ್ಲಿ, ವಿವಿಯನ್ ಜೊತೆಗಿನ ವಿಚ್ಛೇದನ ಪೂರ್ತಿ ಆಗೋಕೆ ಮುಂಚೆ. ಆ ಹಾಡಿಗೆ ಗ್ರ್ಯಾಮಿ ಬಂತು. ನೀವು ಹೇಳೋ ಉಳಿಸಿದ ಪ್ರೀತಿ ಇನ್ನೊಬ್ಬಳ ಮನೆಯ ಮೇಲೆ ನಿಂತಿತ್ತು. ಜೂನ್ ಕೆಟ್ಟೋಳು ಅಂತ ನಾನು ಹೇಳ್ತಿಲ್ಲ. ಜೋಡಿ ಹಾಡಲ್ಲಿ ಮೂರನೆಯವರ ದನಿ ಇರಲ್ಲ ಅಂತ ಅಷ್ಟೇ.

ಟೆಕ್ಸಾಸ್‌ಗೌಡ:
ನಾನು ಊಟಕ್ಕೆ ಹೋಗಿ ಬರ್ತೀನಿ.

ಕುಂದಾಪುರಕಡೆ:
ಗೌಡ್ರು ಔಟ್ 🤭

ಸಾಲುಮರ:
ಮೂರನೆಯವರು ಅಂದಾಗ ನನಗೆ ಜೋನ್ಸ್ ವಿಷಯದಲ್ಲೇ ನ್ಯಾನ್ಸಿ ನೆನಪಾಗ್ತಾಳೆ. 1983ರಲ್ಲಿ ಮದುವೆಯಾದ ನಾಲ್ಕನೇ ಹೆಂಡತಿ. ಕೊಕೇನು, ಸಾಲ, ಹೆಂಡ, ಪುಂಡರ ಸಹವಾಸ, ಎಲ್ಲದರಿಂದ ಅವನನ್ನ ಎಳೆದು ಹೊರಗೆ ಹಾಕಿದ್ದು ಅವಳು ಅಂತ ಜೋನ್ಸೇ ಹೇಳ್ತಿದ್ದ. ಮೂವತ್ತು ವರ್ಷ ಜೊತೆಗಿದ್ಳು, 2013ರಲ್ಲಿ ಅವನು ಸಾಯೋವರೆಗೂ. ಅದೂ ಸಲೀಸಾಗಿ ಆಗಲಿಲ್ಲ. 1999ರ ಮಾರ್ಚ್‌ನಲ್ಲಿ ಕುಡಿದು ಫೋನಲ್ಲಿ ಮಾತಾಡ್ತಾ ಗಾಡಿ ಓಡಿಸಿ ಸೇತುವೆಗೆ ಗುದ್ದಿ ಸಾವಿನ ಬಾಯಿಗೆ ಹೋಗಿ ಬಂದ. ಆಮೇಲೆ ಬಿಟ್ಟ.

ನ್ಯಾನ್ಸಿ ಗಾಯಕಿ ಅಲ್ಲ. ಹಾಗಾಗಿ ಅವಳ ಜೊತೆ ಒಂದು ಜೋಡಿ ಹಾಡೂ ಇಲ್ಲ. ಟ್ಯಾಮಿ ಜೊತೆ ಆರು ವರ್ಷದ ಸಂಸಾರಕ್ಕೆ ಆಲ್ಬಂ ಮೇಲೆ ಆಲ್ಬಂ. 2022ರಲ್ಲಿ ಟೀವಿ ಸರಣಿ ಬಂತಲ್ಲ, ಜೆಸ್ಸಿಕಾ ಚಾಸ್ಟೇನ್, ಮೈಕೆಲ್ ಶಾನನ್ ನಟಿಸಿದ್ದು, ಅದರ ಹೆಸರೂ 'ಜಾರ್ಜ್ ಆ್ಯಂಡ್ ಟ್ಯಾಮಿ'.

ಹಳೇರೇಡಿಯೋ:
ಇದನ್ನ ಹೆಂಡತಿಗೆ ಓದಿ ಹೇಳಲ್ಲ. ಹೇಳಿದ್ರೆ ನಾನು ಸೋತ ಹಾಗೆ.

ಧಾರವಾಡದಮಳಿ:
ಹೇಳ್ರಿ ಹೇಳ್ರಿ, ನಾವೆಲ್ಲಾ ಅದಕ್ಕ ಕಾಯಾಕತ್ತೀವಿ.

ಮಂದ್ರಸ್ಥಾಯಿ:
ನ್ಯಾನ್ಸಿ ಮಾತು ಒಪ್ಪಿದೆ. ಆದ್ರೂ ಒಂದು ಕೇಳ್ತೀನಿ. ಉಳಿಸೋದು ಅಂದ್ರೆ ಹೆಂಡ ಬಿಡಿಸೋದು ಮಾತ್ರವಾ? ಟ್ಯಾಮಿ ಹಾಡೋಕೆ ಬರೋ ಮುಂಚೆಯೇ ಜೋನ್ಸ್‌ನ ತಟ್ಟೆ ಹಾಕಿಕೊಂಡು ಕೇಳ್ತಿದ್ದೋಳು, ಅವನು ಅವಳ ಆರಾಧ್ಯದೈವ. 1968ರಲ್ಲಿ ಅವಳ ಆಗಿನ ಗಂಡ ಅವಳನ್ನ ಬೈದಾಗ ಜೋನ್ಸ್ ಊಟದ ಮೇಜನ್ನೇ ಬೋರಲು ಹಾಕಿ, ಇವಳನ್ನ ಪ್ರೀತಿಸ್ತೀನಿ ಅಂತ ಘೋಷಿಸಿ, ಅವಳನ್ನೂ ಮೂರು ಮಕ್ಕಳನ್ನೂ ಕರ್ಕೊಂಡು ಹೊರಟ. ಆ ಹೊತ್ತಿಗೆ ಅವಳಿಗೆ ಅದು ಬಿಡುಗಡೆ. ಅವಳ ಪಕ್ಕ ನಿಂತಾಗ ಅವನ ಹಾಡೂ ಬದಲಾಯ್ತು, ಹಳೇ ಒರಟು ಹಾಂಕಿಟಾಂಕ್, ಅಂದ್ರೆ ಹೆಂಡದಂಗಡಿ ಧಾಟಿ, ಹೋಗಿ ತಂತಿವಾದ್ಯದ ಮೇಳದ ಮೇಲೆ ನಿಧಾನವಾಗಿ ಬಿಚ್ಚಿಕೊಳ್ಳೋದು ಬಂತು. ಸಂಸಾರ ಕೆಡ್ತು, ಕಂಠ ಬೆಳೀತು. ಎರಡೂ ಆಗಿದ್ದು ನಿಜ. ಒಂದನ್ನ ತೋರಿಸಿ ಇನ್ನೊಂದನ್ನ ಅಳಿಸೋದು ಬೇಡ.

ನೀಲಿಸೀರೆ:
ಮೇಜು ಬೋರಲು ಹಾಕೋ ಗಂಡಸನ್ನ ನೋಡಿ ಬಿಡುಗಡೆ ಅಂದುಕೊಂಡ್ಳಲ್ಲ, ಅಲ್ಲೇ ಇತ್ತು ಎಚ್ಚರಿಕೆ. ಇನ್ನೊಬ್ಬನ ಮನೆಯ ಮೇಜು ಬೀಳಿಸಿದವನು ನಾಳೆ ತನ್ನ ಮನೆಯದ್ದೂ ಬೀಳಿಸ್ತಾನೆ.

ಆದ್ರೆ ಎರಡೂ ನಿಜ ಅನ್ನೋದಕ್ಕೆ ನನ್ನ ಜಗಳ ಇಲ್ಲ ಮೇಷ್ಟ್ರೇ. ಎರಡನೇದನ್ನ ಮಾತ್ರ ಹಾಡ್ತಾರೆ ಅನ್ನೋದಕ್ಕೆ ಇದೆ.

ಮಳೆಬಿದ್ದಊರು:
ಮೊದಲನೇದನ್ನೂ ಹಾಡಿದ್ದಾರೆ ಅಕ್ಕ. 2004ರ 'ವಿಸ್ಕಿ ಲಲಬೈ', ಬ್ರ್ಯಾಡ್ ಪೇಸ್ಲಿ ಮತ್ತು ಅಲಿಸನ್ ಕ್ರೌಸ್. ಬಿಲ್ ಆ್ಯಂಡರ್ಸನ್, ಜಾನ್ ರ‍್ಯಾಂಡಲ್ ಬರೆದದ್ದು. ಅವನೂ ಕುಡಿದು ಸಾಯ್ತಾನೆ, ಅವಳೂ ಕುಡಿದು ಸಾಯ್ತಾಳೆ. ಅದರಲ್ಲಿ ಯಾರಿಗೂ ಚಿನ್ನದ ಲೇಪ ಇಲ್ಲ.

ಕೋಲಾರದಚಿನ್ನ:
ಅದನ್ನ ರಾತ್ರಿ ಹೊತ್ತು ಕೇಳಬಾರದು ಅಂತ ಎಚ್ಚರಿಕೆ ಹಾಕಿ ಮೇಡಂ. ನಾನೀಗ ಕೇಳಿ ಕೂತಿದ್ದೀನಿ.

ಹಳೇರೇಡಿಯೋ:
ನಾನಿರೋದು ಅಮೆರಿಕದ ಟೆನೆಸಿ ರಾಜ್ಯದ ಚಟನೂಗಾದಲ್ಲಿ. ಇವರು ಮದುವೆಯಾದ ರಿಂಗ್‌ಗೋಲ್ಡ್ ಇಲ್ಲಿಂದ ಪಕ್ಕದಲ್ಲೇ, ಗಡಿ ದಾಟಿದ್ರೆ ಜಾರ್ಜಿಯಾ. ಆ ಕಾಲಕ್ಕೆ ಅಲ್ಲಿ ದಿನಗಟ್ಟಲೆ ಕಾಯದೇನೇ ಬೇಗ ಮದುವೆ ಲೈಸೆನ್ಸ್ ಸಿಗ್ತಿತ್ತು, ಓಡಿ ಬಂದ ಜೋಡಿಗಳೆಲ್ಲ ಅಲ್ಲಿಗೇ. 1966ರಲ್ಲಿ ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ಮದುವೆ ಆಗಿದ್ದೂ ಅಲ್ಲೇ.

ಸಾಲುಮರ:
ಅದೇ ಊರಲ್ಲಿ ಕಟ್ಟಿಕೊಂಡ ಡಾಲಿಯ ಸಂಸಾರ ಗಂಡ 2025ರಲ್ಲಿ ತೀರಿಕೊಳ್ಳೋವರೆಗೂ ನಡೀತು. ಊರಿನ ತಪ್ಪಿಲ್ಲ ಅಂತಾಯ್ತು.

ಟೆಕ್ಸಾಸ್‌ಗೌಡ:
ಊಟ ಆಯ್ತು. ಡಾಲಿ ಗಂಡ ವೇದಿಕೆ ಹತ್ರಾನೇ ಸುಳೀತಿರಲಿಲ್ಲ, ಮನೇಲಿ ಟ್ರ್ಯಾಕ್ಟರ್ ನೋಡಿಕೊಂಡು ಇರ್ತಿದ್ದ. ಸಂಸಾರ ಉಳೀಬೇಕಾದ್ರೆ ಜೋಡಿ ಹಾಡು ಹಾಡಬಾರದು, ಇದು ನನ್ನ ಸಂಶೋಧನೆ.

ಕುಂದಾಪುರಕಡೆ:
ಜೋನ್ಸ್ ಟ್ಯಾಮಿ ಸಮಾಧಿ ಎಲ್ಲಿ? ಒಟ್ಟಿಗೆ ಉಂಟಾ?

ಸಾಲುಮರ:
ಇಬ್ಬರದ್ದೂ ನ್ಯಾಶ್‌ವಿಲ್‌ನ ವುಡ್‌ಲಾನ್‌ನಲ್ಲಿ, ಒಂದೇ ಸ್ಮಶಾನ, ಬೇರೆ ಬೇರೆ ಜಾಗ. ಟ್ಯಾಮಿ 1998ರಲ್ಲಿ ತೀರಿಕೊಂಡ್ಳು, 55 ವರ್ಷ, ಒಳಗಿನ ಕಟ್ಟಡದ ಗೂಡಲ್ಲಿದ್ದಾಳೆ. ನಡುವೆ ಕೆಲವು ವರ್ಷ ಗೂಡಿನ ಮೇಲೆ ಕೊನೇ ಗಂಡನ ಮನೆತನದ ಹೆಸರು ಹಾಕಿಬಿಟ್ಟಿದ್ರು, ಅಭಿಮಾನಿಗಳು ಹುಡುಕಿ ಹುಡುಕಿ ಬೇಸರ ಮಾಡ್ಕೊಂಡ್ರು, ಆಮೇಲೆ ಟ್ಯಾಮಿ ವೈನೆಟ್ ಅಂತ ವಾಪಸ್ ಬಂತು. ಜೋನ್ಸ್‌ದು ಹೊರಗೆ, ದೊಡ್ಡ ಕಲ್ಲಿನ ಕಮಾನು, ಮೇಲೆ 1980ರ ಆ ಹಾಡಿನ ಹೆಸರು. ಕಟ್ಟಿಸಿದ್ದು ನ್ಯಾನ್ಸಿ.

ನೀಲಿಸೀರೆ:
ಅಂದ್ರೆ ಗಂಡನ ಸಮಾಧಿ ಮೇಲೆ, ಜನ ಎಲ್ಲ ಅವನ ಮಾಜಿ ಹೆಂಡತಿಗೆ ಅಂತ ನಂಬಿರೋ ಹಾಡಿನ ಹೆಸರನ್ನ, ಇವಳು ದುಡ್ಡು ಕೊಟ್ಟು ಕೆತ್ತಿಸಿದ್ಳು. ನ್ಯಾನ್ಸಿ ಬಗ್ಗೆ ಸರಣಿ ಬಂದ್ರೆ ನಾನು ನೋಡ್ತೀನಿ.

ಹಳೇರೇಡಿಯೋ:
ಸರಿ, ಮನೆಯವರು ಇಷ್ಟೂ ಓದಿದ್ರು, ನನ್ನ ಫೋನ್ ಕಿತ್ಕೊಂಡು. ಅವರ ಉತ್ತರ ಹಾಗೇ ಹಾಕ್ತೀನಿ: "ಹಾಡು ಚೆನ್ನಾಗಿದೆ ಅಂತ ನಾನೂ ಒಪ್ತೀನಿ. ಹಾಕಿ ಕೇಳಿ, ಬೇಡ ಅಂದೋರು ಯಾರು. ನೀಲಿಸೀರೆ ಅವರ ನಂಬರ್ ಕೊಡಿ."

ನೀಲಿಸೀರೆ:
ಖಾಸಗಿ ಸಂದೇಶ ಕಳಿಸಿದ್ದೀನಿ 😊

ನಿರ್ವಾಹಕ:
ಚರ್ಚೆ ತೆರೆದಿರುತ್ತೆ. 1995ರಲ್ಲಿ ಇವರಿಬ್ಬರೂ ಮತ್ತೆ ಸೇರಿ 'ಒನ್' ಅಂತ ಆಲ್ಬಂ ಮಾಡಿದ್ರಲ್ಲ, ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಮಂದ್ರಸ್ಥಾಯಿ:
ಕೇಳಿದ್ದೀನಿ. ಇಬ್ಬರ ಕಂಠವೂ ದಣಿದಿದೆ. ಆದ್ರೆ ಜೋನ್ಸ್ ಎಳೆದ ಕಡೆಯೆಲ್ಲ ಟ್ಯಾಮಿ ಸರಿಯಾದ ಜಾಗಕ್ಕೇ ಬಂದು ನಿಲ್ತಾಳೆ.

ಟೆಕ್ಸಾಸ್‌ಗೌಡ:
ಮೇಷ್ಟ್ರೇ, ಈ ಸ್ಟೀಲ್ ಗಿಟಾರ್ ಇದೆಯಲ್ಲ, ಜಾರೋದು, ಅದಕ್ಕೂ ನಮ್ಮ ಗೋಟುವಾದ್ಯಕ್ಕೂ ಸಂಬಂಧ ಇದೆಯಾ? ಹೊಸ ಚರ್ಚೆ ತೆಗೀಲಾ?

ಮಂದ್ರಸ್ಥಾಯಿ:
ತೆಗೀರಿ. ಹವಾಯಿಯಿಂದ ಶುರು ಮಾಡಬೇಕಾಗುತ್ತೆ, ರಜಾ ಹಾಕಿ ಬನ್ನಿ.